ವಲೆನ್ಸಿಯಾದ ಬೆಂಕಿ ಹಬ್ಬಕ್ಕೆ ಅತ್ತೆಯನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ:

ನಾವು ಶಿವಮೊಗ್ಗದವರು. ಮಗಳು ಸ್ಪೇನಿನ ವಲೆನ್ಸಿಯಾದಲ್ಲಿ ಓದುತ್ತಿದ್ದಾಳೆ. 2027ರ ಮಾರ್ಚ್‌ನಲ್ಲಿ ಅಲ್ಲಿ ಫಾಯಾಸ್ ಅನ್ನೋ ದೊಡ್ಡ ಹಬ್ಬ, ಎಲ್ಲರೂ ಬನ್ನಿ ಅಂತ ಒಂದೇ ಸಮನೆ ಕರೆಯುತ್ತಿದ್ದಾಳೆ. ನಮ್ಮ ಯಜಮಾನರಿಗೆ ಹಿಂದಿ ಸಿನಿಮಾದಲ್ಲಿ ನೋಡಿದ ಟೊಮೆಟೊ ಎರಚಾಟ ಆಡಲೇಬೇಕು. 19 ವರ್ಷದ ಮಗನಿಗೆ ಗೂಳಿಗಳ ಮುಂದೆ ಓಡುವ ಹುಚ್ಚು. ಜೊತೆಗೆ 70 ವರ್ಷದ ಅತ್ತೆ ಇದ್ದಾರೆ. ಅವರಿಗೆ ಬಿಪಿ, ದಿನಾ ಮಾತ್ರೆ. ಮೊಟ್ಟೆ ಕೂಡ ಮುಟ್ಟುವವರಲ್ಲ. ಗೊತ್ತಿದ್ದವರಲ್ಲಿ ಒಬ್ಬರು ‘ಅಲ್ಲಿ ಹಬ್ಬ ಅಂದ್ರೆ ಬರೀ ಕುಡಿತ’ ಅಂತಾರೆ, ಇನ್ನೊಬ್ಬರು ‘ಕಳ್ಳರ ಕಾಟ’ ಅಂತಾರೆ. ‘ಎಲ್ಲ ಹಬ್ಬದಲ್ಲೂ ಗೂಳಿ ಕೊಲ್ತಾರೆ’ ಅಂತ ಯಾರೋ ಹೇಳಿದ ಮೇಲೆ ಅತ್ತೆ ಬರೋದೇ ಇಲ್ಲ ಅಂತ ಕೂತಿದ್ದಾರೆ. ಒಂದೇ ಪ್ರವಾಸದಲ್ಲಿ ಎಲ್ಲ ನೋಡಬಹುದಾ? ಅತ್ತೆಯನ್ನು ಕರೆದುಕೊಂಡು ಹೋಗೋದು ಸರಿನಾ?

ಉತ್ತರ:

ನಮಸ್ಕಾರ. ನಿಮ್ಮ ಪತ್ರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಸೆ ಇದೆ. ಆದರೆ ನಿಮ್ಮನ್ನು ಕೊರೆಯುತ್ತಿರುವ ಚಿಂತೆ ಒಂದೇ ಅಂತ ನನಗನ್ನಿಸಿತು. ಅಷ್ಟು ದೂರ ಕರೆದುಕೊಂಡು ಹೋಗಿ, ಆ ಗದ್ದಲದಲ್ಲಿ ಅತ್ತೆಯವರಿಗೆ ಏನಾದರೂ ಆದರೆ? ನಾನು 16 ವರ್ಷದಿಂದ ನಮ್ಮ ಕಡೆಯವರನ್ನು ಗುಂಪು ಕಟ್ಟಿಕೊಂಡು ಯುರೋಪಿಗೆ ಕರೆದೊಯ್ಯುತ್ತಿದ್ದೇನೆ. ಫಾಯಾಸ್ ಹಬ್ಬದಲ್ಲಿ ಐದು ಸಲ ನಿಂತಿದ್ದೇನೆ. ಅತ್ತೆಯವರು ಧಾರಾಳವಾಗಿ ಹೋಗಬಹುದು. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಮನೆಗೆ ವಾಪಸ್ ಬರಬೇಕು ಅನ್ನೋದನ್ನು ಮಾತ್ರ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಎಲ್ಲವನ್ನೂ ಒಂದೇ ಸಲ ನೋಡೋಕಾಗಲ್ಲ. ಫಾಯಾಸ್ ಮಾರ್ಚ್‌ನಲ್ಲಿ. ಪಾಂಪ್ಲೋನಾ ಊರಿನ ಗೂಳಿ ಓಟ ಜುಲೈನಲ್ಲಿ. ಟೊಮಾಟಿನಾ ಅನ್ನೋ ಟೊಮೆಟೊ ಎರಚಾಟ ಆಗಸ್ಟ್‌ನ ಕೊನೇ ಬುಧವಾರ. ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಹಾಗಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಅಲ್ಲೇ ಕಾಯುವ ದಾರಿಯೂ ಇಲ್ಲ. ಯಜಮಾನರ ಆಸೆ, ಮಗನ ಆಸೆ ಎರಡನ್ನೂ ಈ ಸಲ ಬದಿಗಿಡಬೇಕು. ಅವರಿಗೆ ಏನು ಹೇಳಬೇಕು ಅನ್ನೋದನ್ನು ಆಮೇಲೆ ಬರೆಯುತ್ತೇನೆ.

ಮೊದಲು ಫಾಯಾಸ್ ಏನು ಅಂತ ಅತ್ತೆಯವರಿಗೆ ಅರ್ಥವಾಗುವ ಹಾಗೆ ಹೇಳೋಣ. ನಮ್ಮಲ್ಲಿ ಬೀದಿಗೊಂದು ಗಣೇಶನ ಮಂಡಳಿ ಇರುತ್ತಲ್ವಾ, ಅಲ್ಲಿ ಬಡಾವಣೆಗೊಂದು ಫಾಯಾ ಸಂಘ. ವಲೆನ್ಸಿಯಾ ನಗರದಲ್ಲೇ ಇಂಥ ಸಂಘಗಳು 350ಕ್ಕೂ ಜಾಸ್ತಿ ಇವೆ. ಸದಸ್ಯರು ವರ್ಷವಿಡೀ ದುಡ್ಡು ಕೂಡಿಸುತ್ತಾರೆ. ಕಲಾವಿದರ ಕೈಯಲ್ಲಿ ಒಂದು ದೊಡ್ಡ ಗೊಂಬೆ ಮೇಳ, ಮಕ್ಕಳಿಗೆಂದು ಒಂದು ಚಿಕ್ಕದು ಮಾಡಿಸುತ್ತಾರೆ. ಮಾರ್ಚ್ 15ರ ರಾತ್ರಿ ಹೊತ್ತಿಗೆ ಎಲ್ಲ ಬೀದಿಯಲ್ಲಿ ಎದ್ದು ನಿಲ್ಲುತ್ತವೆ. ಕೆಲವು ನಾಲ್ಕೈದು ಮಹಡಿ ಎತ್ತರ. ರಾಜಕಾರಣಿಗಳು, ಸಿನಿಮಾದವರು, ಊರಿನ ಸಮಸ್ಯೆ, ಯಾವುದನ್ನೂ ಬಿಡದೆ ಗೇಲಿ ಮಾಡಿರುತ್ತಾರೆ. ಬಹುಮಾನಕ್ಕೆ ಜಿದ್ದಾಜಿದ್ದಿ. ಕೊನೆಗೆ 19ರ ರಾತ್ರಿ ಅಷ್ಟನ್ನೂ ಸುಟ್ಟುಬಿಡುತ್ತಾರೆ. ಪ್ರತಿ ವರ್ಷ ಜನ ಓಟು ಹಾಕಿ ಆರಿಸಿದ ಎರಡು ಗೊಂಬೆ, ದೊಡ್ಡ ಮೇಳಗಳಿಂದ ಒಂದು, ಮಕ್ಕಳ ಮೇಳಗಳಿಂದ ಒಂದು, ಮಾತ್ರ ಉಳಿದು ಮ್ಯೂಸಿಯಂ ಸೇರುತ್ತವೆ. 1934ರಿಂದ ಹೀಗೆ ಗೊಂಬೆ ಉಳಿಸುವ ಪದ್ಧತಿ ಇದೆ.

ಸುಡುವುದು ಯಾಕೆ? ಮಾರ್ಚ್ 19 ಬಡಗಿಗಳ ಸಂತ ಜೋಸೆಫರ ದಿನ. ಚಳಿಗಾಲದಲ್ಲಿ ಬೇಗ ಕತ್ತಲಾಗುವುದರಿಂದ ಹಳೇ ಕಾಲದ ಬಡಗಿಗಳು ಮರದ ದೀಪಗಂಬ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರಂತೆ. ಹಗಲು ದೊಡ್ಡದಾದ ಮೇಲೆ ಅದರ ಅಗತ್ಯ ಇರಲಿಲ್ಲ. ಅದನ್ನೂ ಮರದ ಚಕ್ಕೆ, ಹೊಟ್ಟನ್ನೂ ಬೀದಿಗೆ ಹಾಕಿ ಬೆಂಕಿ ಇಡುತ್ತಿದ್ದರು ಅಂತ ಅಲ್ಲಿನವರು ಹೇಳುತ್ತಾರೆ. ಆ ದೀಪಗಂಬಕ್ಕೆ ಹಳೇ ಬಟ್ಟೆ ತೊಡಿಸಿ ಮನುಷ್ಯನ ಹಾಗೆ ಮಾಡಿದ್ದೇ ಮುಂದೆ ಗೊಂಬೆಯಾಯಿತಂತೆ. ನಮ್ಮ ಕಡೆ ಹೋಳಿ ಹುಣ್ಣಿಮೆಗೆ ಕಾಮಣ್ಣನನ್ನು ಸುಡುವುದೂ ಹೆಚ್ಚುಕಡಿಮೆ ಇದೇ ಕಾಲಕ್ಕೆ. ಅತ್ತೆಯವರಿಗೆ ಇಷ್ಟು ಹೇಳಿದರೆ ಸಾಕು, ತಕ್ಷಣ ಹಿಡಿದುಬಿಡುತ್ತಾರೆ. 2016ರಲ್ಲಿ ಯುನೆಸ್ಕೊ ಈ ಹಬ್ಬವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ.

ಇನ್ನು ಗೂಳಿಯ ಮಾತು. ಫಾಯಾಸ್ ದಿನಗಳಲ್ಲಿ ವಲೆನ್ಸಿಯಾದ ಅಖಾಡದಲ್ಲಿ ಗೂಳಿ ಕಾಳಗ ನಡೆಯುವುದು ನಿಜ. ಆ ಅಖಾಡ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಆದರೆ ಅದು ಟಿಕೆಟ್ ತಗೊಂಡು ಒಳಗೆ ಹೋದವರಿಗೆ ಮಾತ್ರ ಕಾಣುತ್ತದೆ. ಬೀದಿಯ ಹಬ್ಬದಲ್ಲಿ ಗೂಳಿಯೇ ಇಲ್ಲ. ಸ್ಪೇನಿನಲ್ಲೇ ಇದನ್ನು ವಿರೋಧಿಸುವವರು ಬಹಳ ಜನ ಇದ್ದಾರೆ. ಕ್ಯಾನರಿ ದ್ವೀಪಗಳು 1991ರಲ್ಲೇ ನಿಲ್ಲಿಸಿದವು. ಅತ್ತೆಯವರು ಆ ಕಡೆ ತಲೆ ಹಾಕದೆ ಇಡೀ ಹಬ್ಬ ನೋಡಿ ಬರಬಹುದು.

ಕುಡಿತದ ಬಗ್ಗೆ ನಿಮಗೆ ಹೇಳಿದವರ ಮಾತಿನಲ್ಲಿ ಅರ್ಧ ಸತ್ಯ ಇದೆ. ರಾತ್ರಿ 11ರ ಮೇಲೆ ಬೀದಿಗಳಲ್ಲಿ ಹಾಡು, ಕುಣಿತ, ಬಿಯರ್ ಜೋರಾಗಿ ಶುರುವಾಗುತ್ತದೆ, ಬೆಳಗಿನ ಜಾವದವರೆಗೂ ಇರುತ್ತದೆ. ಹಗಲು ಹಾಗಲ್ಲ. ಹಗಲಿನ ಫಾಯಾಸ್ ಅಜ್ಜಿ, ಮೊಮ್ಮಕ್ಕಳ ಹಬ್ಬ. ಬೀದಿ ಮಧ್ಯೆ ಕಟ್ಟಿಗೆ ಉರಿಸಿ ದೊಡ್ಡ ಬಾಣಲೆಯಲ್ಲಿ ಪಾಯೆಯಾ ಅನ್ನ ಮಾಡುತ್ತಿರುತ್ತಾರೆ, ವಯಸ್ಸಾದವರು ಕುರ್ಚಿ ಹಾಕಿಕೊಂಡು ಮಾತಾಡುತ್ತಿರುತ್ತಾರೆ. ನೀವು ರಾತ್ರಿ 9ಕ್ಕೆ ಮನೆ ಸೇರುವ ಲೆಕ್ಕ ಇಟ್ಟುಕೊಂಡರೆ ನಿಮಗೆ ಕಾಣುವುದು ಈ ಹಬ್ಬ.

ನನಗೆ ನಿಜಕ್ಕೂ ಚಿಂತೆ ಇರುವುದು ಸದ್ದಿನ ಬಗ್ಗೆ. ಯಾರೂ ನಿಮಗೆ ಅದನ್ನು ಹೇಳಿಲ್ಲ ನೋಡಿ. ಮಾರ್ಚ್ 1ರಿಂದ 19ರವರೆಗೆ ಪ್ರತಿದಿನ ಮಧ್ಯಾಹ್ನ 2 ಗಂಟೆಗೆ ಪುರಸಭೆ ಚೌಕದಲ್ಲಿ ‘ಮಸ್ಕ್ಲೆತಾ’ ನಡೆಯುತ್ತದೆ. ಹಾಡಹಗಲಲ್ಲಿ ಪಟಾಕಿ, ಅದರಲ್ಲಿ ನೋಡುವುದಕ್ಕೆ ಬಣ್ಣ ಇರುವುದಿಲ್ಲ. ಎಲ್ಲ ಸದ್ದು, ಲಯ. ನಮ್ಮಲ್ಲಿ ತಾಳಮದ್ದಳೆಯ ಚೆಂಡೆ ನಿಧಾನ ಶುರುವಾಗಿ ಏರುತ್ತಾ ಹೋಗುತ್ತಲ್ಲ, ಹಾಗೆ. ಐದಾರು ನಿಮಿಷದ ಕೊನೆಗೆ ಬರುವ ಭಾಗಕ್ಕೆ ಅವರು ‘ಭೂಕಂಪ’ ಅಂತಲೇ ಹೆಸರಿಟ್ಟಿದ್ದಾರೆ. ಸದ್ದು 120 ಡೆಸಿಬಲ್ ಹತ್ತಿರ ಹೋಗುತ್ತದೆ. ಮೊದಲ ಸಲ ನಿಂತಾಗ ನನ್ನ ಅಂಗಿ ಎದೆಯ ಮೇಲೆ ಪಟಪಟ ಹೊಡೆದುಕೊಂಡಿತು, ಅಂಗಾಲಿನಿಂದ ಹಲ್ಲಿನವರೆಗೂ ನಡುಕ ಹತ್ತಿತು. ಪಕ್ಕದ ಅಜ್ಜಿಯೊಬ್ಬರು ಬಾಯಿ ಸ್ವಲ್ಪ ತೆರೆದಿಟ್ಟುಕೋ ಅಂತ ಕೈಸನ್ನೆ ಮಾಡಿ ತೋರಿಸಿದರು. ಕಿವಿಯ ಮೇಲಿನ ಒತ್ತಡ ಕಡಿಮೆಯಾಗುತ್ತೆ ಅಂತ ಅಲ್ಲಿ ಎಲ್ಲರೂ ನಂಬುತ್ತಾರೆ.

ಮಗ, ಮಗಳು, ಯಜಮಾನರು ಮಧ್ಯಾಹ್ನ 1 ಗಂಟೆಗೇ ಹೋಗಿ ಚೌಕದಲ್ಲಿ ನಿಲ್ಲಲಿ. ಅತ್ತೆಯವರು ಬೇಡ. ಸದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಒಮ್ಮೆ ಜನ ಸೇರಿದ ಮೇಲೆ ಒಂದು ಗಂಟೆ ಕೂರುವುದಕ್ಕೂ ಜಾಗವಿಲ್ಲ, ಹೊರಗೆ ಬರುವುದಕ್ಕೂ ದಾರಿಯಿಲ್ಲ. ಬಿಪಿ ಇರುವವರಿಗೆ ಆ ಸಿಕ್ಕಿಹಾಕಿಕೊಂಡ ಭಾವನೆಯೇ ಕಷ್ಟ. ನಾಲ್ಕೈದು ಬೀದಿ ಆಚೆ, ನೆರಳಿರುವ ಹೋಟೆಲ್ ಮುಂದಿನ ಕುರ್ಚಿಯಲ್ಲಿ ಕೂತರೆ ಸದ್ದು ಚೆನ್ನಾಗಿಯೇ ಕೇಳುತ್ತದೆ, ಎದೆ ನಡುಗುವುದಿಲ್ಲ. ಹೊರಡುವ ಮುಂಚೆ ಅವರ ಡಾಕ್ಟರಿಗೆ ‘ಜೋರು ಪಟಾಕಿ ಸದ್ದು, ಒಂದು ವಾರ’ ಅಂತ ಬಿಡಿಸಿ ಹೇಳಿ, ಅವರು ಒಪ್ಪಿದರೆ ಮಾತ್ರ ಮುಂದುವರಿಯಿರಿ. ಮಾತ್ರೆಗಳನ್ನು ಅವುಗಳ ಮೂಲ ಸ್ಟ್ರಿಪ್ಪಿನಲ್ಲೇ, ಡಾಕ್ಟರ್ ಚೀಟಿಯ ಜೊತೆ, ಕೈಚೀಲದಲ್ಲಿ ಇಟ್ಟುಕೊಳ್ಳಿ.

ಮಸ್ಕ್ಲೆತಾ ಬಿಟ್ಟರೂ ಪಟಾಕಿ ಬಿಡುವುದಿಲ್ಲ. ಬೆಳಗ್ಗೆ 8ಕ್ಕೆ ಬ್ಯಾಂಡು ಬಾರಿಸುತ್ತಾ, ನೆಲಕ್ಕೆ ಪಟಾಕಿ ಹೊಡೆಯುತ್ತಾ ಬಡಾವಣೆಯನ್ನು ಎಬ್ಬಿಸುವ ಪದ್ಧತಿಯೇ ಇದೆ. ಚಿಕ್ಕ ಮಕ್ಕಳ ಕೊರಳಲ್ಲಿ ಪಟಾಕಿ ತುಂಬಿದ ಪುಟ್ಟ ಮರದ ಪೆಟ್ಟಿಗೆ ನೇತಾಡುತ್ತಿರುತ್ತದೆ, ಕಾಲಬುಡದಲ್ಲೇ ಎಸೆಯುತ್ತಾರೆ. ಅತ್ತೆಯವರು ಹತ್ತಿ ಸೀರೆ ಉಡಲಿ, ಸಿಂಥೆಟಿಕ್ ಬೇಡವೇ ಬೇಡ. ಕಿಡಿ ತಾಗಿದರೆ ಅದು ಮೈಗೆ ಅಂಟುತ್ತದೆ. ಅಲ್ಲಿನವರೂ ಇದಕ್ಕೆಂದೇ ಕುತ್ತಿಗೆಗೆ ಹತ್ತಿಯ ಚೌಕಳಿ ವಸ್ತ್ರ ಕಟ್ಟಿಕೊಳ್ಳುತ್ತಾರೆ. ಹಗಲು 18-20 ಡಿಗ್ರಿ, ರಾತ್ರಿ 10ರ ಆಸುಪಾಸು ಇರುತ್ತದೆ. ಒಂದು ಸ್ವೆಟರ್, ಕಾಲುಚೀಲ, ಶೂ ಬೇಕು.

ಈಗ ಅತ್ತೆಯವರಿಗಾಗಿಯೇ ಇರುವ ಭಾಗಕ್ಕೆ ಬರುತ್ತೇನೆ. 17 ಮತ್ತು 18ರ ಮಧ್ಯಾಹ್ನದಿಂದ ನಡುರಾತ್ರಿ ದಾಟುವವರೆಗೆ ಹೂವಿನ ಸೇವೆ. ನಿರಾಶ್ರಿತರ ತಾಯಿ ಅಂತ ಅವರು ಕರೆಯುವ ಮಾತೆ ಮೇರಿಗೆ ಎಲ್ಲ ಸಂಘದ ಹೆಣ್ಣುಮಕ್ಕಳು ಹೂಗುಚ್ಛ ತರುತ್ತಾರೆ. ರೇಷ್ಮೆ ಲಂಗ, ತಲೆಯ ಎರಡೂ ಕಡೆ ಸುರುಳಿ ಸುತ್ತಿದ ಜಡೆ, ಅದಕ್ಕೆ ಸಿಕ್ಕಿಸಿದ ಹೊಂಬಣ್ಣದ ಬಾಚಣಿಗೆ. ಆ ರೇಷ್ಮೆಯ ನೇಯ್ಗೆ ನೋಡುವುದಕ್ಕೇ ನಮ್ಮ ಹೆಂಗಸರು ಅರ್ಧ ದಿನ ನಿಂತುಬಿಡುತ್ತಾರೆ. ಆ ತಾಯಿಯ ಹೆಸರಿನ ಇನ್ನೊಂದು ಚೌಕದಲ್ಲಿ ಮರದ ಚೌಕಟ್ಟಿನ ದೊಡ್ಡ ಮೂರ್ತಿ ಇದೆ, ಮುಖ ಮತ್ತು ಮಗು ಮಾತ್ರ ಪೂರ್ಣ, ಮೈಯೆಲ್ಲ ಬರೀ ಅಡ್ಡಪಟ್ಟಿಗಳು. ಅದರ ಮೇಲೆ ಹತ್ತಿ ಕೂತ ಗಂಡಸರಿಗೆ ಕೆಳಗಿನವರು ಒಂದೊಂದೇ ಗುಚ್ಛ ಎಸೆಯುತ್ತಾರೆ. ಅವರು ಒಂದೇ ಕೈಯಲ್ಲಿ ಹಿಡಿದು ಪಟ್ಟಿಗೆ ಸಿಕ್ಕಿಸುತ್ತಾರೆ. ಬಿಳಿ ಯಾವ ಕಡೆ, ಕೆಂಪು ಯಾವ ಕಡೆ ಅಂತ ಮೊದಲೇ ಬರೆದ ನಕ್ಷೆ ಇರುತ್ತದೆ. ಎರಡು ದಿನದಲ್ಲಿ ಆ ತಾಯಿಗೆ ತಲೆಯಿಂದ ಪಾದದವರೆಗೆ ಹೂವಿನ ಸೆರಗು ಸಿದ್ಧ. ಇಡೀ ಚೌಕದಲ್ಲಿ ಕಾರ್ನೇಷನ್ ಹೂವಿನ ಪರಿಮಳ. ಗುಚ್ಛ ಕೊಟ್ಟು ತಿರುಗುವಾಗ ಸಾಕಷ್ಟು ಹೆಣ್ಣುಮಕ್ಕಳು ಬಿಕ್ಕಿಬಿಕ್ಕಿ ಅಳುತ್ತಾರೆ. ಅದನ್ನು ನೋಡಿ ನನ್ನ ಗುಂಪಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡಿದ್ದರು. ಭಾಷೆ ಬಾರದಿದ್ದರೂ ಅವರಿಗೆ ಎಲ್ಲ ತಿಳಿದಿತ್ತು. ಅತ್ತೆಯವರನ್ನು ಚೌಕದೊಳಗೆ ನುಗ್ಗಿಸಬೇಡಿ, ಮೆರವಣಿಗೆ ಬರುವ ಬೀದಿಯ ಅಂಚಿನಲ್ಲಿ ಸಂಜೆ 5ರ ಒಳಗೆ ನಿಲ್ಲಿಸಿ. 20ರಂದು ಬೆಳಗ್ಗೆ, ಎಲ್ಲ ಮುಗಿದು ಊರು ಮಲಗಿರುವಾಗ, ಹೂವುಟ್ಟ ತಾಯಿಯನ್ನು ಹತ್ತಿರದಿಂದ ನೋಡಿಸಿಕೊಂಡು ಬನ್ನಿ.

19ರ ರಾತ್ರಿ ಸುಡುವಾಗ ಎರಡು ಆಟ ಇರುತ್ತವೆ. 8 ಗಂಟೆಗೆ ಮಕ್ಕಳ ಚಿಕ್ಕ ಗೊಂಬೆಗಳು, 10ರಿಂದ ದೊಡ್ಡವು, ಪುರಸಭೆಯದ್ದು 11ಕ್ಕೆ. ಇಲ್ಲೊಂದು ವಿಷಯ ಮುಚ್ಚಿಡದೆ ಹೇಳಬೇಕು. ಹಿಂದೆ ಗೊಂಬೆಗಳನ್ನು ಮರ, ಕಾಗದದ ಮುದ್ದೆಯಿಂದ ಮಾಡುತ್ತಿದ್ದರು. ಈಗ ಬಹುಪಾಲು ಥರ್ಮೊಕೋಲ್ ಜಾತಿಯದ್ದು. ಹೊತ್ತಿಕೊಂಡರೆ ಕಪ್ಪು ಹೊಗೆ ಕಾರುತ್ತದೆ, ಗಂಟಲು ಕೆರೆಯುತ್ತದೆ. ಮತ್ತೆ ಮರದ ಪಟ್ಟಿಗಳಲ್ಲಿ ಕಟ್ಟುವ ಕಲಾವಿದರು ಇದ್ದಾರೆ, ಆದರೆ ಕಡಿಮೆ. ಅತ್ತೆಯವರಿಗೆ ಉಬ್ಬಸ ಇದ್ದರೆ ದೊಡ್ಡ ಬೆಂಕಿ ಪೂರ್ತಿ ಬೇಡ. ಮಗಳ ಬಡಾವಣೆಯ ಮಕ್ಕಳ ಗೊಂಬೆ ಸುಡುವುದನ್ನು ಗಾಳಿ ಬರುವ ದಿಕ್ಕಿನಲ್ಲಿ ನಿಂತು ನೋಡಿದರೆ ಸಾಕು. ನನಗಂತೂ ಅದೇ ಹೆಚ್ಚು ಇಷ್ಟ. ಆ ವರ್ಷದ ಪುಟ್ಟ ರಾಣಿ, ಎಂಟೊಂಬತ್ತು ವರ್ಷದ ಹುಡುಗಿ, ರೇಷ್ಮೆ ಉಟ್ಟು ಬತ್ತಿಗೆ ಬೆಂಕಿ ಇಡುತ್ತಾಳೆ, ಆಮೇಲೆ ಅಮ್ಮನ ಸೊಂಟಕ್ಕೆ ಮುಖ ಒತ್ತಿ ಅಳುತ್ತಾಳೆ. ದೊಡ್ಡದಕ್ಕೆ ಯುವಕರು ಹೋಗಲಿ. ಅಗ್ನಿಶಾಮಕದವರು ಬಂದು ಅಕ್ಕಪಕ್ಕದ ಕಟ್ಟಡಗಳ ಮೇಲೆ ನೀರು ಹಾಯಿಸುವವರೆಗೂ ಬೆಂಕಿ ಇಡುವುದಿಲ್ಲ. ಅದಕ್ಕೇ ಕೆಲವು ಕಡೆ ಗಂಟೆಗಟ್ಟಲೆ ತಡ.

ಕಳ್ಳರ ವಿಷಯ. ಹೊಡೆದು ಬಡಿದು ಕಿತ್ತುಕೊಳ್ಳುವ ಭಯ ಕಡಿಮೆ, ಜೇಬುಗಳ್ಳರ ಕಾಟ ಇದೆ. ಒಮ್ಮೆ ನನ್ನ ಗುಂಪಿನ ಒಬ್ಬರು ಪಾಸ್‌ಪೋರ್ಟ್, ದುಡ್ಡು, ಕಾರ್ಡು ಎಲ್ಲ ಒಂದೇ ಪರ್ಸಿನಲ್ಲಿಟ್ಟು ಮೆಟ್ರೊ ಹತ್ತಿದರು. ಇಳಿಯುವಾಗ ಚೀಲದ ಜಿಪ್ ತೆರೆದಿತ್ತು. ಪೊಲೀಸ್ ದೂರು, ಆಮೇಲೆ ಮ್ಯಾಡ್ರಿಡ್‌ನ ನಮ್ಮ ರಾಯಭಾರ ಕಚೇರಿ, ಮೂರು ದಿನ ಹಾಳು. ಅವತ್ತಿನಿಂದ ನಾನು ಎಲ್ಲರ ಪಾಸ್‌ಪೋರ್ಟನ್ನು ರೂಮಿನಲ್ಲೇ ಬೀಗ ಹಾಕಿಸಿ, ನಕಲು ಮಾತ್ರ ಕೈಯಲ್ಲಿ ಕೊಡುತ್ತೇನೆ. ತುರ್ತು ನಂಬರ್ 112.

ಊಟಕ್ಕೆ ಮಗಳ ಅಡುಗೆಮನೆಯೇ ಆಧಾರ. ಹೊರಗೆ ‘ವೆಜಿಟೇರಿಯನ್’ ಅಂದರೆ ಒಳ್ಳೆ ಮನಸ್ಸಿನಿಂದಲೇ ಟ್ಯೂನಾ ಮೀನು ಹಾಕಿದ ಸಲಾಡ್ ತಂದಿಡುತ್ತಾರೆ. ಅಲ್ಲಿ ಎಷ್ಟೋ ಜನರ ಲೆಕ್ಕದಲ್ಲಿ ಮೀನು ಮಾಂಸವೇ ಅಲ್ಲ. ಹಾಗಾಗಿ ಒಂದೊಂದೇ ಹೆಸರು ಹೇಳಬೇಕು: ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತೂನ್, ಸಿನ್ ವೇವೊ’. ಮಾಂಸ, ಹಂದಿಯ ಹಾಮೋನ್, ಟ್ಯೂನಾ, ಮೊಟ್ಟೆ ಯಾವುದೂ ಬೇಡ ಅಂತ ಅರ್ಥ. ತರಕಾರಿ ಪಾಯೆಯಾಗೂ ಕೋಳಿ ಸಾರು ಹಾಕುವುದುಂಟು, ‘ಕಾಲ್ದೊ’, ಅಂದರೆ ಸಾರು, ಯಾವುದು ಅಂತ ಕೇಳಿ. ಚುರೋಸ್ ಅನ್ನೋ ಕರಿದ ತಿಂಡಿಯಲ್ಲಿ ಸಾಮಾನ್ಯವಾಗಿ ಇರುವುದು ಹಿಟ್ಟು, ನೀರು, ಉಪ್ಪು. ಹಬ್ಬದ ಸಿಹಿ ಬುನ್ಯುವೆಲೋಸ್, ಕುಂಬಳಕಾಯಿ ಹಾಕಿ ಕರಿದದ್ದು, ನಮ್ಮ ಕುಂಬಳಕಾಯಿ ಗಾರಿಗೆಯ ನೆನಪು ತರುತ್ತದೆ. ಕೆಲವರು ಮೊಟ್ಟೆ ಸೇರಿಸುತ್ತಾರೆ, ಕೇಳಿಕೊಂಡೇ ತಿನ್ನಿ. ಓರ್ಚಾತಾ ಅಂತ ಒಂದು ತಂಪು ಪಾನೀಯ ಇದೆ. ನಮ್ಮ ಕೊನ್ನಾರಿ ಗಡ್ಡೆಯ ಜಾತಿಯ ಒಂದು ಗಡ್ಡೆಯನ್ನು ರುಬ್ಬಿ ಹಾಲು ತೆಗೆದು ಮಾಡುತ್ತಾರೆ. ಹಸುವಿನ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಅತ್ತೆಯವರಿಗೆ ಖಂಡಿತ ಹಿಡಿಸುತ್ತದೆ.

ಈಗ ನಿಮ್ಮ ಮಗ. ಶಿಕಾರಿಪುರ, ಸೊರಬದ ಕಡೆ ಹೋರಿ ಬೆದರಿಸುವ ಹಬ್ಬ ನೋಡಿ ಬೆಳೆದ ಹುಡುಗನಿಗೆ ಆ ಆಸೆ ಬರುವುದು ಸಹಜ. ಪಾಂಪ್ಲೋನಾದ್ದು ಬೇರೆ ಥರ. ಜುಲೈ 7ರಿಂದ 14ರವರೆಗೆ ಬೆಳಗ್ಗೆ 8ಕ್ಕೆ, ಸುಮಾರು 850 ಮೀಟರ್ ಕಲ್ಲು ಹಾಸಿನ ಇಕ್ಕಟ್ಟು ಬೀದಿಯಲ್ಲಿ ಆರು ಗೂಳಿಗಳು ಓಡುತ್ತವೆ. ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. 18 ತುಂಬಿದವರು ಓಡಬಹುದು, ಹಾಗಾಗಿ ಕಾನೂನು ಅವನನ್ನು ತಡೆಯುವುದಿಲ್ಲ. 1910ರಿಂದ ಈಚೆಗೆ 16 ಜನ ಸತ್ತಿದ್ದಾರೆ, ಕೊನೆಯದು 2009ರಲ್ಲಿ. ಸಾವು ಅಪರೂಪ, ಗಾಯ ಅಪರೂಪವಲ್ಲ. ಕೊಂಬಿಗಿಂತ ಜಾಸ್ತಿ ಜನ ಬೇರೆಯವರ ಮೇಲೆ ಎಡವಿ ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ. ಎಷ್ಟೋ ಪ್ರವಾಸ ವಿಮೆಗಳು ಇಂಥದ್ದಕ್ಕೆ ದುಡ್ಡು ಕೊಡುವುದಿಲ್ಲ. ಓಡಿದ ಅದೇ ಗೂಳಿಗಳನ್ನು ಸಂಜೆ ಅಖಾಡದಲ್ಲಿ ಕೊಲ್ಲುತ್ತಾರೆ, ಅದೂ ಅವನಿಗೆ ಗೊತ್ತಿರಲಿ. ನನ್ನ ಜೊತೆ ಬಂದ ಯಾರಿಗೂ ನಾನು ಓಡಲು ಬಿಟ್ಟಿಲ್ಲ. ನೋಡಲೇಬೇಕಿದ್ದರೆ ಬಾಡಿಗೆ ಬಾಲ್ಕನಿ ಇದೆ, ಎರಡು ಸಾಲು ಮರದ ಬೇಲಿಯ ಆಚೆ ಬೆಳಗ್ಗೆ 6ಕ್ಕೇ ಹೋಗಿ ನಿಲ್ಲುವ ಜಾಗವೂ ಇದೆ.

ಯಜಮಾನರ ಟೊಮಾಟಿನಾ ನಡೆಯುವ ಬುನ್ಯೋಲ್ ಊರು ವಲೆನ್ಸಿಯಾದಿಂದ ಬರೀ 40 ಕಿಲೋಮೀಟರ್. 1945ರಲ್ಲಿ ಹುಡುಗರ ಜಗಳದಿಂದ ಶುರುವಾದದ್ದು. ಹತ್ತು ಸಾವಿರವೂ ಜನಸಂಖ್ಯೆ ಇಲ್ಲದ ಊರಿಗೆ ನಲವತ್ತು ಸಾವಿರಕ್ಕೂ ಮೇಲೆ ಜನ ನುಗ್ಗತೊಡಗಿದ್ದರಿಂದ 2013ರಿಂದ ಟಿಕೆಟ್ ಇಟ್ಟು, ಸುಮಾರು 20 ಸಾವಿರಕ್ಕೆ ನಿಲ್ಲಿಸಿದ್ದಾರೆ. ಸಿನಿಮಾ ನೋಡಿದರೆ ದಿನವಿಡೀ ಅನ್ನಿಸುತ್ತೆ, ನಿಜವಾಗಿ ನಡೆಯುವುದು ಒಂದೇ ಗಂಟೆ. ಎಸೆಯುವ ಮುಂಚೆ ಹಣ್ಣನ್ನು ಕೈಯಲ್ಲಿ ಹಿಸುಕಬೇಕು ಅನ್ನೋದು ನಿಯಮ. ಕಣ್ಣಿಗೆ ಈಜು ಕನ್ನಡಕ, ಬಿಸಾಡಬಹುದಾದ ಬಟ್ಟೆ, ಗಟ್ಟಿ ಶೂ ಬೇಕು. ಮಗಳು ಇನ್ನೊಂದು ವರ್ಷ ಅಲ್ಲೇ ಇದ್ದರೆ ಯಜಮಾನರು, ಮಗ ಇಬ್ಬರೇ ಆಗಸ್ಟ್‌ನಲ್ಲಿ ಹೋಗಿಬರಲಿ. ಮಗನ ಹುಮ್ಮಸ್ಸಿಗೆ ಗೂಳಿಗಿಂತ ಇದೇ ಒಳ್ಳೆಯದು.

2027ರಲ್ಲಿ ನಿಮಗೆ ಒಂದು ಅದೃಷ್ಟ ಒದಗಿದೆ. ಈಸ್ಟರ್ ನಮ್ಮ ಹಬ್ಬಗಳ ಹಾಗೆ ಹುಣ್ಣಿಮೆ ನೋಡಿ ಬರುವ ಹಬ್ಬ, ಅದಕ್ಕೇ ತಾರೀಖು ಅಲ್ಲಾಡುತ್ತದೆ. ಆ ವರ್ಷ ಅದು ಮಾರ್ಚ್ 28ಕ್ಕೇ ಬರುತ್ತದೆ. ಹಾಗಾಗಿ ಫಾಯಾಸ್ ಮುಗಿದು ಎರಡೇ ದಿನಕ್ಕೆ, 21ರ ಭಾನುವಾರ, ಸೆವಿಲ್ ನಗರದಲ್ಲಿ ಪವಿತ್ರ ವಾರದ, ಅಂದರೆ ಈಸ್ಟರ್‌ಗೆ ಮುಂಚಿನ ವಾರದ, ಮೆರವಣಿಗೆಗಳು ಶುರು. ಸೂಜಿ ಮೊನೆಯ ಟೋಪಿ ಹಾಕಿ ಮುಖ ಮುಚ್ಚಿದವರನ್ನು ಕಂಡು ಹೆದರಬೇಡಿ. ಅದು ಪಾಪಕ್ಕೆ ಪಶ್ಚಾತ್ತಾಪ ಪಡುವವರ ಉಡುಪು, ಇಂಥದೇ ಟೋಪಿ ಹಾಕುವ ಅಮೆರಿಕದ ಕು ಕ್ಲಕ್ಸ್ ಕ್ಲಾನ್ ಅನ್ನೋ ಜನಾಂಗ ದ್ವೇಷದ ಗುಂಪಿಗೂ ಇದಕ್ಕೂ ಸಂಬಂಧವಿಲ್ಲ. ಮೂರ್ತಿ ಹೊತ್ತ ಭಾರೀ ಅಡ್ಡೆಯ ಕೆಳಗೆ ಸಾಲುಸಾಲು ಗಂಡಸರು ಕಾಣದ ಹಾಗೆ ಇರುತ್ತಾರೆ. ಮುಂದಾಳು ಬೆಳ್ಳಿಯ ಬಡಿಗೆಯಿಂದ ಟಕ್ ಅನ್ನಿಸಿದ ಕೂಡಲೇ ಇಡೀ ಅಡ್ಡೆ ಒಮ್ಮೆಲೇ ಮೇಲೆ ಹಾರುತ್ತದೆ. ಒಂದು ದಿನ, ಸಂಜೆ ಎರಡು ಗಂಟೆ ಹೊತ್ತು, ಪಕ್ಕದ ಬೀದಿಯಲ್ಲಿ. ಅತ್ತೆಯವರಿಗೆ ಅಷ್ಟು ಸಾಕು. ಮಳೆ ಹನಿದರೆ ಮೆರವಣಿಗೆ ಹೊರಡುವುದೇ ಇಲ್ಲ. ಹಾಗಾಗಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ರೂಮುಗಳು ಮಾತ್ರ ಎರಡೂ ಊರಲ್ಲಿ ದುಬಾರಿ.

ವೀಸಾಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಸೆಪ್ಟೆಂಬರ್ ಕೊನೆಯಲ್ಲೇ ಶುರು ಮಾಡಿ. 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅತ್ತೆಯವರ ವಿಮೆಯಲ್ಲಿ ಬಿಪಿ ಇದೆ ಅಂತ ಬರೆಸಿ, ಮುಚ್ಚಿಟ್ಟರೆ ಕಷ್ಟಕ್ಕೆ ಅದು ಬರುವುದಿಲ್ಲ. ಮಗಳ ಮನೆಯಲ್ಲಿ ಇರುತ್ತೇವೆ ಅಂತ ತೋರಿಸಲು ಅವಳು ಅಲ್ಲಿನ ಪೊಲೀಸ್ ಕಚೇರಿಯಿಂದ ಆಹ್ವಾನ ಪತ್ರ ಮಾಡಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಹೋಟೆಲ್ ಬುಕಿಂಗ್ ತೋರಿಸುವುದು ಸುಲಭ.

ಟಿಕೆಟ್ ಮಾಡಿಸುವ ಮುಂಚೆ ಮಗಳಿಗೆ ಎರಡು ಕೆಲಸ ಹೇಳಿ. ನೀವು ಇಳಿಯುವ ಮನೆ ಅಥವಾ ಹೋಟೆಲ್ ಇರುವ ಬೀದಿಯಲ್ಲೇ ಫಾಯಾ ಸಂಘದ ಮನೆ, ಅಂದರೆ ‘ಕಸಾಲ್’, ಇದೆಯಾ ಅಂತ ನಡೆದು ನೋಡಿ ಬರಲಿ. ಇದ್ದರೆ ನಾಲ್ಕು ರಾತ್ರಿ ನಿದ್ದೆ ಇಲ್ಲ, ಬೇರೆ ಬೀದಿ ಹುಡುಕಲಿ. ಆಮೇಲೆ ಬೀದಿಗೆ ಮುಖ ಮಾಡದ, ಒಳಗಡೆಯ ರೂಮು ಕೇಳಲಿ. ಅತ್ತೆಯವರಿಗೆ ಇವತ್ತು ಸಂಜೆ ಹೂವುಟ್ಟ ಆ ತಾಯಿಯ ವಿಡಿಯೊ ಒಂದು ತೋರಿಸಿ. ಬರಲ್ಲ ಅಂತ ಕೂತವರು ಆಮೇಲೆ ಏನನ್ನುತ್ತಾರೆ ಅಂತ ನನಗೂ ಬರೆದು ತಿಳಿಸಿ.